ಜಾಕ್ ಪ್ಯಾಡ್ ಹೆಸರಲ್ಲಿ ಟೈರ್ ಪುಡಿ ಮಾರ್ತಿದ್ದಾರೆ, ಹುಷಾರ್!

ಸ್ಪೋರ್ಟ್ಸ್ ಕಾರ್ ಇಟ್ಟುಕೊಂಡವರು ಇದನ್ನು ಪೂರ್ತಿ ಓದಿ. ಜಾಕ್ ಪ್ಯಾಡ್ ಅಂದರೆ ಗಾಡಿ ಎತ್ತುವಾಗ ಜಾಕಿಗೂ ಬಾಡಿಗೂ ನಡುವೆ ಇಡುವ ದಪ್ಪ ತುಂಡು. ಇನ್‌ಸ್ಟಾಗ್ರಾಂನಲ್ಲಿ ಕೆಂಪು ಜಾಕ್ ಪ್ಯಾಡ್ ತೋರಿಸಿ, 'ನಿಮ್ಮ ಗಾಡಿಗೇ ಅಂತ ಮಾಡಿದ್ದು ಸರ್' ಅಂತ ಯಾರಾದರೂ ಹೇಳಿದರೆ ದುಡ್ಡು ಹಾಕಬೇಡಿ. ನಾಲ್ಕು ಪ್ಯಾಡಿಗೆ ನಾನು 6,800 ರೂಪಾಯಿ ಕೊಟ್ಟೆ. ಈಗ ಡೆಂಟಿಂಗ್, ಪೇಂಟಿಂಗ್‌ಗೆ ಅದರ ಎಷ್ಟೋ ಪಟ್ಟು ಹೋಗ್ತಿದೆ.

ನನ್ನದು ಸೆಕೆಂಡ್ ಹ್ಯಾಂಡ್ ಪೋರ್ಷ ಬಾಕ್ಸ್‌ಸ್ಟರ್. ಬಳ್ಳಾರಿಯಲ್ಲಿ ಇಂಥ ಗಾಡಿಯ ಟೈರ್ ಬಿಚ್ಚಿಸುವುದೇ ಒಂದು ತಲೆನೋವು. ಹೊಸಪೇಟೆ ರಸ್ತೆಯ ಟೈರ್ ಅಂಗಡಿಗಳಿಗೆ ದಿನವಿಡೀ ಅದಿರು ಲಾರಿಗಳದ್ದೇ ಕೆಲಸ. ಅವರ ಬಾಟಲ್ ಜಾಕ್ ನನ್ನ ಗಾಡಿ ಕೆಳಗೆ ತೂರುವುದಿಲ್ಲ. ತಗ್ಗಾದ ಟ್ರಾಲಿ ಜಾಕ್ ತೂರುತ್ತೆ, ಆದರೆ ಅದರ ತಲೆ ಹಲ್ಲು ಹಲ್ಲಾದ ಕಬ್ಬಿಣ, ಬರೀ ಅದನ್ನೇ ಕೊಟ್ಟರೆ ಬಾಡಿ ತಗ್ಗು ಬೀಳುತ್ತೆ. ಈ ಕಾರಿನಲ್ಲಿ ಎತ್ತುವುದಕ್ಕೆ ಅಂತಲೇ ನಾಲ್ಕು ಗಟ್ಟಿ ಜಾಗ ಇದೆ. ಮುಂದಿನ ಚಕ್ರದ ಹಿಂದೆ, ಹಿಂದಿನ ಚಕ್ರದ ಮುಂದೆ, ಎರಡೂ ಕಡೆ. ಅಲ್ಲೊಂದು ತೂತು. ಪ್ಯಾಡಿನ ಮೇಲೆ ಎದ್ದಿರುವ ಮೂತಿ ಅದರೊಳಗೆ ಬಿಗಿಯಾಗಿ ಕೂರಬೇಕು. ಮೂತಿಗೆ ಓ-ರಿಂಗ್, ಅಂದರೆ ರಬ್ಬರ್ ಬಳೆ, ಇದ್ದರೆ ಪ್ಯಾಡ್ ತಾನೇ ಕಚ್ಚಿಕೊಂಡು ನೇತಾಡುತ್ತೆ, ಆಮೇಲೆ ಜಾಕ್ ತಳ್ಳಿದರೆ ಆಯ್ತು. ನಾನು ಕೇಳಿದ್ದು ಇದನ್ನೇ. ಫೋಟೋ ಕಳಿಸಿ, ಮಾಡೆಲ್ ಹೇಳಿ, ಇದನ್ನೇ ಕೇಳಿದ್ದು.

ಮಾರುವವನ ಉತ್ತರ: 'ಪರ್ಫೆಕ್ಟ್ ಫಿಟ್ ಸರ್. ಪ್ಯೂರ್ ಪಾಲಿಯುರೆಥೇನ್.' ಅಂದರೆ ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್. ಗಟ್ಟಿತನ ಎಷ್ಟು ಶೋರ್ ಅಂತ ಕೇಳಿದೆ, ಇಂಥ ವಸ್ತುಗಳ ಗಟ್ಟಿತನ ಅಳೆಯುವುದು ಶೋರ್ ಲೆಕ್ಕದಲ್ಲಿ. 'ಶೋರೂಂ ಕ್ವಾಲಿಟಿ ಸರ್' ಅಂದ! ಅವಸರದಲ್ಲಿ ಟೈಪ್ ಮಾಡಿರಬೇಕು ಅಂದುಕೊಂಡು ಮತ್ತೆ ಕೇಳಿದೆ. 'ಮೂರು ಟನ್ ತಡೆಯುತ್ತೆ ಸರ್, ಟೆನ್ಷನ್ ಬೇಡ.' ಮಾತಿಗೊಂದು ಸರ್.

ಬಾಕ್ಸ್ ಬಂತು. ನೋಡಲು ಚೆನ್ನಾಗಿಯೇ ಇತ್ತು. ಕೆಂಪಗೆ, ಮಿರಿಮಿರಿ, ಮೇಲೆ ನನ್ನ ಕಾರಿನ ಹೆಸರಿನ ಸ್ಟಿಕರ್. ಓ-ರಿಂಗ್ ಕೂಡ ಇತ್ತು. ತೂತಿಗೆ ಹಾಕಿದರೆ ಸ್ವಲ್ಪ ಅಲ್ಲಾಡುತ್ತಿತ್ತು. ತಕ್ಷಣ ವಿಡಿಯೋ ಕಳಿಸಿದೆ. 'ಲೋಡ್ ಬಿದ್ದ ಮೇಲೆ ಟೈಟ್ ಆಗುತ್ತೆ ಸರ್.' ಈ ಮಾತು ಬರೆದಿಟ್ಟುಕೊಳ್ಳಿ, ನಿಮಗೂ ಇದನ್ನೇ ಹೇಳ್ತಾನೆ.

ಟೈರ್ ಅಂಗಡಿಯಲ್ಲಿ ಹಿಂದಿನ ಬಲಗಡೆ ಎತ್ತಿದರು. ಈ ಗಾಡಿಯ ಇಂಜಿನ್ ಸೀಟಿನ ಹಿಂದೆ ಇರುವುದು, ಭಾರ ಹಿಂದೆಯೇ ಜಾಸ್ತಿ. ಚಕ್ರ ನೆಲ ಬಿಟ್ಟಿತು. ಪ್ಯಾಡ್ ಒಂದು ಕಡೆ ವಾಲಿತು. 'ನಿಲ್ಲಿಸಿ' ಅನ್ನುವಷ್ಟರಲ್ಲಿ ಟಪ್ ಅಂತ ಶಬ್ದ. ಪ್ಯಾಡಿನ ಅರ್ಧ ಹಾರಿಹೋಯ್ತು, ಗಾಡಿ ಪಕ್ಕಕ್ಕೆ ಜಾರಿ ಜಾಕಿನ ತೋಳಿನ ಮೇಲೆ ಕೂತಿತು. ಬಾಗಿಲ ಕೆಳಗಿನ ಪಟ್ಟಿ ಒಳಗೆ ಹೋಯ್ತು, ಪ್ಲಾಸ್ಟಿಕ್ ಕವರ್ ಸೀಳಿತು. ಹುಡುಗ ಇನ್ನೂ ಕೈ ಒಳಗೆ ಹಾಕಿರಲಿಲ್ಲ, ಪುಣ್ಯ.

ಸುತ್ತ ಲಾರಿಯವರು, ಕ್ಲೀನರ್‌ಗಳು, ಎಲ್ಲರೂ ಬಂದು ನಿಂತರು. ಅಂಗಡಿಯ ಹಿರಿಯರು ಮುರಿದ ತುಂಡು ಎತ್ತಿಕೊಂಡು ಉಗುರಲ್ಲಿ ಕೆರೆದು ನನ್ನ ಕೈಗೆ ಕೊಟ್ಟರು. ಒಳಗೆ ಕರಿ. ಪೂರ್ತಿ ಕರಿ. ಕಡಲೆ ಚಿಕ್ಕಿ ಮುರಿದ ಹಾಗೆ ಹರಳು ಹರಳು. ಹಳೇ ಟೈರ್ ಅರೆದ ಪುಡಿಯನ್ನು ಅಂಟು ಹಾಕಿ ಒತ್ತಿದ್ದಾರೆ, ನಡುವೆ ಟೈರಿನ ನೂಲು ಕೂಡ ಎದ್ದು ಕಾಣ್ತಿತ್ತು. ಕೆಂಪು ಬರೀ ಮೇಲಿನ ಬಣ್ಣ, ನನ್ನ ಬೆರಳಿಗೂ ಹತ್ತಿತು. ಸ್ಟಿಕರ್ ಅರ್ಧ ಕಿತ್ತಿತ್ತು, ಎಳೆದು ನೋಡಿದರೆ ಅದರ ಕೆಳಗೆ ಇನ್ನೊಂದು ಸ್ಟಿಕರ್. ಬೇರೆ ಕಾರಿನ ಹೆಸರು!

'ನಮ್ಮ ಕಟ್ಟಿಗಿ ತುಂಡೇ ಚಲೋ ಇತ್ತಲ್ರೀ ಸಾರ್' ಅಂದರು ಅವರು. ಎಲ್ಲರೂ ನಕ್ಕರು. ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ಅಲ್ಲಿಂದಲೇ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಫೋನ್ ಕಟ್. ಬೇರೆ ನಂಬರಿನಿಂದ ಮಾಡಿದ ಮೇಲೆ ಎತ್ತಿದ. ಈಗ 'ಸರ್' ಹೋಗಿ 'ಬ್ರದರ್' ಆಗಿದ್ದೆ.

'ತಪ್ಪು ಜಾಗದಲ್ಲಿ ಇಟ್ಟಿರ್ತೀರಿ ಬ್ರದರ್.' ಮೂತಿ ಇನ್ನೂ ತೂತಿನಲ್ಲೇ ಸಿಕ್ಕಿಕೊಂಡಿದೆ, ಫೋಟೋ ನೋಡು ಅಂದೆ. 'ಹಾಗಾದ್ರೆ ಜಾಕ್ ಸರಿ ಇಲ್ಲ.' ಒಳಗೆ ಟೈರ್ ಪುಡಿ ಯಾಕಿದೆ ಅಂದೆ. ಆಗ ಬಂತು ನೋಡಿ: 'ಬಳ್ಳಾರಿ ಅಲ್ವಾ ಬ್ರದರ್, ಅಲ್ಲಿ ಬಿಸಿಲು ಜಾಸ್ತಿ. ರಬ್ಬರ್ ಮೆತ್ತಗಾಗಿರುತ್ತೆ.'

ರಬ್ಬರ್! ಮಾರುವಾಗ ಪ್ಯೂರ್ ಪಾಲಿಯುರೆಥೇನ್, ಮುರಿದ ಮೇಲೆ ರಬ್ಬರ್. ನಮ್ಮೂರ ಬಿಸಿಲಿಗೆ ಇಂಜಿನ್ ಕೂರಿಸುವ ಮೌಂಟಿನ ರಬ್ಬರ್ ಕರಗಿಲ್ಲ, ಲಾರಿ ಟೈರ್ ಕರಗಿಲ್ಲ, ಇವನ ಪ್ಯಾಡ್ ಕರಗಿತಂತೆ. ದುಡ್ಡು ವಾಪಸ್ ಕೇಳಿದರೆ 'ಯೂಸ್ ಮಾಡಿದ್ದಕ್ಕೆ ರಿಟರ್ನ್ ಇಲ್ಲ'. ಜಾಕ್ ಪ್ಯಾಡನ್ನು ಯೂಸ್ ಮಾಡದೆ ಶೋಕೇಸಿನಲ್ಲಿ ಇಡಬೇಕಿತ್ತಾ? ಅಷ್ಟರಲ್ಲೇ ಬ್ಲಾಕ್.

ತಗೊಳ್ಳುವವರು ಇಷ್ಟು ನೋಡಿ. ಬಾಕ್ಸ್ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು, ಅದು ಕಾನೂನು. ನನ್ನ ಬಾಕ್ಸಿನಲ್ಲಿ ಒಂದೂ ಇರಲಿಲ್ಲ. ಮೂಲೆಯಲ್ಲಿ ಬ್ಲೇಡಿನಿಂದ ಸ್ವಲ್ಪ ಕೆತ್ತಿ, ಒಳಗೂ ಅದೇ ಬಣ್ಣ ಇರಬೇಕು. ಮೂತಿ ಅಲ್ಲಾಡಿದರೆ ವಾಪಸ್ ಕಳಿಸಿ, ಲೋಡ್ ಬಿದ್ದ ಮೇಲೆ ಯಾವುದೂ ಟೈಟ್ ಆಗಲ್ಲ. ಪ್ಯಾಡ್ ತುಂಬಾ ದಪ್ಪ ಇದ್ದರೆ ತಗ್ಗಿನ ಗಾಡಿಗೆ ಜಾಕ್ ತೂರುವುದೇ ಇಲ್ಲ, ಮೊದಲು ಅಳತೆ ತಗೊಳ್ಳಿ. ಬಾಗಿಲ ಕೆಳಗೆ ಉದ್ದಕ್ಕೆ ತಗಡಿನ ಅಂಚು ಇರುವ ಕಾರುಗಳಿಗೆ ಮೂತಿಯ ಪ್ಯಾಡ್ ಅಲ್ಲ, ನಡುವೆ ಸೀಳು ಇರುವುದು ಬೇಕು, ಚಪ್ಪಟೆ ಪ್ಯಾಡ್ ಇಟ್ಟರೆ ಅಂಚು ಮಡಚುತ್ತೆ. 'ಎಲ್ಲಾ ಗಾಡಿಗೂ ಆಗುತ್ತೆ' ಅನ್ನುವವನ ಹತ್ತಿರ ಏನೂ ತಗೋಬೇಡಿ. ಯಾವ ಪ್ಯಾಡ್ ಆದರೂ ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಚಾಟ್, ವಿಡಿಯೋ, ಮುರಿದ ತುಂಡು ಎಲ್ಲ ಇಟ್ಟಿದ್ದೇನೆ. ಮೊನ್ನೆ ಹೆಂಡತಿಯ ಫೋನಿನಲ್ಲಿ ಅವನ ಪೇಜ್ ನೋಡಿದೆ. ಅದೇ ಕೆಂಪು ಪ್ಯಾಡ್, ಅದೇ ಫೋಟೋ, ಈಗ ಇನ್ಯಾವುದೋ ಕಾರಿನ ಹೆಸರಲ್ಲಿ ಹಾಕಿದ್ದಾನೆ. ರೇಟ್ ಐನೂರು ಜಾಸ್ತಿ.