ಹೊಸ ಟಿವಿ: ಚಿತ್ರ ಸೊಗಸು, ಧ್ವನಿಗೆ ತಾಳ್ಮೆ ಬೇಕು

ಎರಡು ತಿಂಗಳ ಹಿಂದೆ ಕೊಂಡ 43 ಇಂಚಿನ 4ಕೆ ಟಿವಿಯ ಚಿತ್ರದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮೊದಲ ವಾರ ಸೆಟ್‌ಟಾಪ್ ಬಾಕ್ಸಿನ ಕೆಲವು ಎಚ್‌ಡಿ ವಾಹಿನಿಗಳಲ್ಲಿ ಚಿತ್ರ ಮಾತ್ರ ಮೂಡಿ ಧ್ವನಿ ಸಂಪೂರ್ಣ ಮಾಯವಾಗುತ್ತಿತ್ತು. ಮನೆಗೆ ಬಂದ ತಂತ್ರಜ್ಞರು ಸ್ಪೀಕರ್ ಕೆಟ್ಟಿದೆಯೆಂದು ತೀರ್ಪಿತ್ತು ಹೋದರು. ಯೂಟ್ಯೂಬ್ ಹಾಕಿದರೆ ಅದೇ ಸ್ಪೀಕರ್ ಗಂಟಲು ಬಿಚ್ಚಿ ಹಾಡುತ್ತಿದ್ದುದನ್ನು ಅವರು ಗಮನಿಸಲೇ ಇಲ್ಲ. ಬಾಕ್ಸಿನ ಆಡಿಯೊ ಔಟ್‌ಪುಟ್ ಅನ್ನು ಡಾಲ್ಬಿ ಡಿಜಿಟಲ್ ಎಂಬ ಅಡಕಗೊಳಿಸಿದ ಧ್ವನಿರೂಪದಿಂದ ಪಿಸಿಎಂ ಎಂಬ ಅಡಕಗೊಳಿಸದ ರೂಪಕ್ಕೆ ಬದಲಿಸಿದೊಡನೆ ಸಂಕೇತವನ್ನು ಬಿಡಿಸುವ ಕೆಲಸವನ್ನು ಬಾಕ್ಸೇ ವಹಿಸಿಕೊಂಡು, ಧ್ವನಿ ಮರಳಿತು.

ಬ್ಲೂಟೂತ್ ಮೂಲಕ ಜೋಡಿಸಿದ ಸೌಂಡ್‌ಬಾರಿನಲ್ಲಿ ಮಾತು ತುಟಿಗಿಂತ ತಡವಾಗಿ ಕೇಳಿಸುತ್ತಿತ್ತು. ಟಿವಿಯ ಆಡಿಯೊ ಡಿಲೇ ಆಯ್ಕೆ ಧ್ವನಿಯನ್ನು ಇನ್ನಷ್ಟು ತಡಮಾಡಬಲ್ಲದೇ ಹೊರತು ಮುಂದೆ ತರಲಾರದು. ಬ್ಲೂಟೂತ್ ಬಿಟ್ಟು, ಸೌಂಡ್‌ಬಾರಿನ ಎಚ್‌ಡಿಎಂಐ ಕೇಬಲನ್ನು ಟಿವಿಯಲ್ಲಿ ಎಆರ್‌ಸಿ (ಟಿವಿಯ ಧ್ವನಿಯನ್ನು ಸೌಂಡ್‌ಬಾರಿಗೆ ಕಳಿಸುವ ವ್ಯವಸ್ಥೆ) ಎಂದು ಬರೆದಿರುವ ಪೋರ್ಟಿಗೇ ಚುಚ್ಚಿ, ಸಿಇಸಿ (ಕೇಬಲಿನಿಂದ ಜೋಡಿಸಿದ ಸಾಧನಗಳು ಒಂದನ್ನೊಂದು ನಿಯಂತ್ರಿಸುವ) ಆಯ್ಕೆಯನ್ನು ಚಾಲೂ ಮಾಡಿದ ಮೇಲೆ ಆ ತೊಂದರೆ ನಿಂತಿತು.

ಮಳೆ ಜೋರಾದಾಗ ಡಿಟಿಎಚ್ ಸಂಕೇತ ಕುಗ್ಗುವುದು ಸಹಜ. ಆದರೆ ಬಿಸಿಲಿನಲ್ಲೂ ಚಿತ್ರ ಚೌಕಚೌಕವಾಗಿ ಒಡೆಯುತ್ತಿದ್ದುದಕ್ಕೆ ತಾರಸಿಯ ಮೇಲಿನ ತುಕ್ಕು ಹಿಡಿದ ಕನೆಕ್ಟರ್ ಕಾರಣವಾಗಿತ್ತು. ಅದರ ದೂಷಣೆ ಟಿವಿಗೆ ಸಲ್ಲದು. ಇವುಗಳಲ್ಲಿ ಒಂದನ್ನೂ ವಿವರಿಸದ ಕೈಪಿಡಿಗಾಗಿ ಮಾತ್ರ ಐದರಲ್ಲಿ ಒಂದು ಅಂಕ ಕಳೆಯುತ್ತೇನೆ.