ಎಲ್‌ಸಿ ಬಂತೆಂದು ಸರಕು ಹಡಗಿಗೇರಿಸುವ ಮುನ್ನ

ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಅಂದರೆ ಷರತ್ತಿನಂತೆ ದಾಖಲೆ ಕೊಟ್ಟರೆ ಹಣ ಕೊಡುತ್ತೇವೆಂಬ ಖರೀದಿದಾರರ ಬ್ಯಾಂಕಿನ ಭರವಸೆಪತ್ರ) ಕೈಸೇರಿದರೆ ಹಣ ಬಂದಂತೆಯೇ ಎಂದು ನಂಬಿದ ಹೊಸ ರಫ್ತುದಾರರೊಬ್ಬರು ಒಂದು ಕಂಟೇನರ್ ಹತ್ತಿ ಟವೆಲ್ ಕಳಿಸಿದರು. ಸರಕಿನಲ್ಲಿ ದೋಷವಿರಲಿಲ್ಲ, ಹಡಗೂ ಸಮಯಕ್ಕೇ ಹೊರಟಿತ್ತು. ಆದರೂ ಬ್ಯಾಂಕು ಹಣ ಕೊಡಲಿಲ್ಲ. ನಿಯಮದ ಪ್ರಕಾರ ಅದು ತಪ್ಪೂ ಆಗಿರಲಿಲ್ಲ.

ಎಲ್‌ಸಿಗಳು ಸಾಮಾನ್ಯವಾಗಿ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮಗಳಿಗೆ ಒಳಪಟ್ಟಿರುತ್ತವೆ. ಇವು 2007ರ ಜುಲೈ 1ರಿಂದ ಜಾರಿಯಲ್ಲಿವೆ. ಇವುಗಳ 5ನೇ ವಿಧಿಯನ್ನು ಕಲಿಯುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕು: ಬ್ಯಾಂಕು ನೋಡುವುದು ದಾಖಲೆಗಳನ್ನು, ಸರಕನ್ನಲ್ಲ. ಟವೆಲ್ ಎಷ್ಟೇ ಚೆನ್ನಾಗಿರಲಿ, ಕಾಗದ ತಪ್ಪಿದ್ದರೆ ಹಣವಿಲ್ಲ.

ಇಲ್ಲಿ ಮೂರು ತಪ್ಪುಗಳು ಸಿಕ್ಕವು. ಎಲ್‌ಸಿಯಲ್ಲಿ ‘100% ಹತ್ತಿ ಟವೆಲ್, 50×100 ಸೆಂ.ಮೀ.’ ಎಂದಿತ್ತು, ಇನ್‌ವಾಯ್ಸ್‌ನಲ್ಲಿ ಬರೀ ‘ಹತ್ತಿ ಟವೆಲ್’. ಉಳಿದ ದಾಖಲೆಗಳಲ್ಲಿ ವಿವರಣೆ ಸ್ಥೂಲವಾಗಿದ್ದರೂ ನಡೆಯುತ್ತದೆ, ಇನ್‌ವಾಯ್ಸ್‌ನಲ್ಲಿ ಮಾತ್ರ ಎಲ್‌ಸಿಗೆ ಹೊಂದಲೇಬೇಕು. ಎರಡನೆಯದು ವಿಮೆ: ಸಿಐಎಫ್ (ಸರಕಿನ ಬೆಲೆ, ವಿಮೆ, ಸಾಗಣೆ ಸೇರಿದ) ಮೌಲ್ಯದ ಕನಿಷ್ಠ 110%ಕ್ಕೆ ಬೇಕಿತ್ತು, ಮಾಡಿಸಿದ್ದು 100%ಕ್ಕೆ.

ಮೂರನೆಯದೇ ನಿಜವಾದ ಬಲೆ. ‘ಖರೀದಿದಾರರ ಪ್ರತಿನಿಧಿ ಸಹಿ ಮಾಡಿದ ತಪಾಸಣಾ ಪ್ರಮಾಣಪತ್ರ’ ಬೇಕೆಂದು ಎಲ್‌ಸಿಯಲ್ಲಿ ಒಂದು ಷರತ್ತಿತ್ತು. ಆ ಪ್ರತಿನಿಧಿ ಸಹಿ ಹಾಕಲು ತಡಮಾಡುತ್ತಲೇ ಹೋದರು. ಎಲ್‌ಸಿಯಲ್ಲಿ ಬೇರೆ ಅವಧಿ ಹೇಳದಿದ್ದಾಗ ಶಿಪ್‌ಮೆಂಟ್ ಆದ 21 ದಿನದೊಳಗೆ, ಎಲ್‌ಸಿಯ ಗಡುವೂ ಮೀರದಂತೆ, ದಾಖಲೆ ಸಲ್ಲಿಸಬೇಕು. ಇಲ್ಲಿ ಸಲ್ಲಿಕೆಯಾದದ್ದು 24ನೇ ದಿನ. ಮೊದಲೆರಡು ತಪ್ಪುಗಳನ್ನು ಗಡುವಿನೊಳಗೆ ತಿದ್ದಿ ಮತ್ತೆ ಕೊಡಬಹುದಿತ್ತು. ಕಳೆದುಹೋದ ದಿನವನ್ನು ತಿದ್ದಲಾಗುವುದಿಲ್ಲ. ಹಣ ಸಿಗುವುದು ಎದುರು ಪಕ್ಷದವರ ಸಹಿಯ ಮೇಲೆ ನಿಂತಿದ್ದರೆ ಆ ಎಲ್‌ಸಿಯನ್ನು ಹಾಗೆಯೇ ಒಪ್ಪಬೇಡಿ. ಸ್ವತಂತ್ರ ತಪಾಸಣಾ ಸಂಸ್ಥೆಯ ಪ್ರಮಾಣಪತ್ರ ಸಾಕು ಎಂದು ಬದಲಾಯಿಸಲು ಕೇಳಿ.

‘ಚಿಂತೆ ಬೇಡ, ಕಳಿಸಿಬಿಡಿ, ನಾವು ನೋಡಿಕೊಳ್ಳುತ್ತೇವೆ’ ಎಂದು ಖರೀದಿದಾರರು ಇಮೇಲ್ ಬರೆದಿದ್ದರು. ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ತಿದ್ದುಪಡಿ ನಡೆಯಬೇಕಾದರೆ ಎಲ್‌ಸಿ ತೆರೆದ ಬ್ಯಾಂಕು, ಕನ್ಫರ್ಮ್ ಮಾಡಿದ (ಹಣದ ಹೊಣೆಯನ್ನು ತಾನೂ ಹೊತ್ತ) ಬ್ಯಾಂಕಿದ್ದರೆ ಅದು, ಮತ್ತು ರಫ್ತುದಾರರು ಒಪ್ಪಬೇಕು. ತಿದ್ದುಪಡಿ ಬ್ಯಾಂಕಿನ ಮೂಲಕ ಕೈಗೆ ಬರುವವರೆಗೆ ಕಂಟೇನರ್ ಲೋಡ್ ಮಾಡಿಸಬೇಡಿ.

ಬ್ಯಾಂಕು ನಿರಾಕರಿಸಿದ ಮೇಲೆ ಅದೇ ಖರೀದಿದಾರರು 12% ರಿಯಾಯಿತಿ ಕೇಳಿದರು. ಬಂದರಿನಲ್ಲಿ ದಿನದಿನಕ್ಕೂ ಡೆಮರೇಜ್ (ಸರಕು ಬಿಡಿಸಲು ತಡವಾದದ್ದಕ್ಕೆ ಬೀಳುವ ಶುಲ್ಕ) ಏರುತ್ತಿತ್ತು, ಸರಕು ವಾಪಸ್ ತರಿಸುವ ಖರ್ಚು ಅದಕ್ಕಿಂತ ಹೆಚ್ಚು. ರಫ್ತುದಾರರು ಒಪ್ಪಲೇಬೇಕಾಯಿತು.

ಎಲ್‌ಸಿ ಬಂದ ದಿನವೇ ಅದರ ಸ್ವಿಫ್ಟ್ (ಬ್ಯಾಂಕುಗಳ ನಡುವಿನ ಸಂದೇಶ ಜಾಲ) ಸಂದೇಶವನ್ನು, ಅಂದರೆ ಎಂಟಿ 700 ಅನ್ನು, ಪ್ರಿಂಟ್ ತೆಗೆದು ಪೆನ್ನು ಹಿಡಿದು ಓದಿ. ಅದರ ಅಂಕಣಗಳಿಗೆ ಸಂಖ್ಯೆಗಳಿರುತ್ತವೆ. 31ಡಿಯಲ್ಲಿ ಗಡುವಿನ ದಿನದ ಜೊತೆಗೆ ಸ್ಥಳವೂ ಇರುತ್ತದೆ. ಆ ಸ್ಥಳ ಖರೀದಿದಾರರ ದೇಶವಾಗಿದ್ದರೆ ದಾಖಲೆಗಳು ಆ ದಿನದೊಳಗೆ ಅಲ್ಲಿಗೇ ತಲುಪಬೇಕು, ಆದ್ದರಿಂದ ಕೊರಿಯರ್ ದಿನಗಳನ್ನು ಕಳೆದು ಲೆಕ್ಕ ಹಾಕಿ. 44ಸಿ ಕೊನೆಯ ಶಿಪ್‌ಮೆಂಟ್ ದಿನ, 45ಎ ಸರಕಿನ ವಿವರಣೆ. ಅದನ್ನು ಅಕ್ಷರಶಃ ಇನ್‌ವಾಯ್ಸ್‌ಗೆ ಇಳಿಸಿ. 46ಎ ಬೇಕಾದ ದಾಖಲೆಗಳು, 48 ಸಲ್ಲಿಕೆಯ ಅವಧಿ. ಕಿರಿಕಿರಿಯ ಷರತ್ತುಗಳು ಸಾಮಾನ್ಯವಾಗಿ ಅಡಗಿರುವುದು 47ಎಯಲ್ಲಿ, ಅಂದರೆ ಹೆಚ್ಚುವರಿ ಷರತ್ತುಗಳ ಅಂಕಣದಲ್ಲಿ.

ನಿರಾಕರಣೆ ಬಂದರೂ ದಿನ ಎಣಿಸಿ. ದಾಖಲೆ ತಲುಪಿದ ಮರುದಿನದಿಂದ 5 ಬ್ಯಾಂಕಿಂಗ್ ದಿನದೊಳಗೆ ಎಲ್ಲ ತಪ್ಪುಗಳನ್ನೂ ಒಂದೇ ನೋಟಿಸಿನಲ್ಲಿ ಹೇಳದಿದ್ದರೆ, ಆಮೇಲೆ ಅವನ್ನೆತ್ತುವ ಹಕ್ಕು ಬ್ಯಾಂಕಿಗಿಲ್ಲ.

ಕೊನೆಗೆ, ‘ಮೂರು ಮೂಲ ಬಿಲ್ ಆಫ್ ಲೇಡಿಂಗ್‌ಗಳಲ್ಲಿ ಒಂದನ್ನು ನೇರವಾಗಿ ಖರೀದಿದಾರರಿಗೆ ಕಳಿಸಿ’ ಎಂಬ ಷರತ್ತಿದ್ದರೆ ತೆಗೆಸಿಹಾಕಿ. ಬಿಲ್ ಆಫ್ ಲೇಡಿಂಗ್ ಎಂದರೆ ಸರಕು ಪಡೆಯಲು ತೋರಿಸಬೇಕಾದ ಹಡಗು ಕಂಪನಿಯ ರಸೀದಿ. ಸರಕು ಬಿಡಿಸಿಕೊಳ್ಳಲು ಒಂದೇ ಮೂಲ ಪ್ರತಿ ಸಾಕಾಗುತ್ತದೆ. ಆಗ ದಾಖಲೆಗಳು ಬ್ಯಾಂಕಿನಲ್ಲಿ ತಿರಸ್ಕೃತವಾಗಿ ಕುಳಿತಿರುವಾಗಲೇ ಸರಕು ಅವರ ಗೋದಾಮು ಸೇರಿರುತ್ತದೆ.