ಅಬ್ಬಕ್ಕನ ಹೆಸರಿನ ಆಡಿನ ಹಾಲಿನ ಸಾಬೂನು: ಕೊಳ್ಳುವ ಮೊದಲು ಕವಚದ ಹಿಂಬದಿ ನೋಡಿ

ಉಳ್ಳಾಲದ ರಾಣಿ ಅಬ್ಬಕ್ಕನ ಚಿತ್ರವಿರುವ ಕವಚದಲ್ಲಿ, ಕೈಯಿಂದಲೇ ತಯಾರಿಸಿದ್ದೆಂದು ಹೇಳಿ ಮಂಗಳೂರಿನ ಮೇಳವೊಂದರಲ್ಲಿ ಮಾರುತ್ತಿದ್ದ ಆಡಿನ ಹಾಲಿನ ಸಾಬೂನಿನಿಂದ ನನ್ನ ಅತ್ತಿಗೆಯ ಎರಡೂ ಮುಂಗೈಗಳು ಕೆಂಪೇರಿ, ಚರ್ಮ ಸುಲಿದು, ಚರ್ಮವೈದ್ಯರನ್ನು ಕಾಣಬೇಕಾಯಿತು. ಇದು ಅಲರ್ಜಿಯಲ್ಲ, ಸಾಬೂನಿನಲ್ಲಿ ಉಳಿದ ಕ್ಷಾರದ ಸುಡುವಿಕೆ ಎಂದು ವೈದ್ಯರು ಹೇಳಿದರು. ಮಾರಿದವರಿಗೆ ಫೋನ್ ಮಾಡಿದಾಗ, "ಅಕ್ಕ, ಚರ್ಮದ ಕೊಳೆ ಹೊರಬರುವಾಗ ಮೊದಲು ಹಾಗೆ ಉರಿಯುವುದು ಸಹಜ, ಬಿಡದೆ ಬಳಸಿ" ಎಂಬ ಉತ್ತರ ಬಂತು. ಈ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಎಂಬ ತೀಕ್ಷ್ಣ ಕ್ಷಾರ ಸೇರದೆ ಗಟ್ಟಿ ಸಾಬೂನು ಆಗುವುದಿಲ್ಲ. ಅಳತೆ ಸರಿಯಿದ್ದರೆ ಸೋಡಾ ಪೂರ್ತಿ ಕರಗಿ ಸಾಬೂನಾಗಿ ಬದಲಾಗುತ್ತದೆ. ಆದರೆ ಒಂದೊಂದು ಎಣ್ಣೆಗೆ ಒಂದೊಂದು ಅಳತೆ: 100 ಗ್ರಾಂ ತೆಂಗಿನೆಣ್ಣೆಗೆ ಸುಮಾರು 18 ಗ್ರಾಂ ಬೇಕಾದರೆ, ಅಷ್ಟೇ ಆಲಿವ್ ಎಣ್ಣೆಗೆ 13 ಗ್ರಾಂ ಚಿಲ್ಲರೆ ಸಾಕು. ಎಣ್ಣೆ ಬದಲಿಸಿ ಅಳತೆ ಬದಲಿಸದಿದ್ದರೆ ಹೆಚ್ಚುಳಿದ ಸೋಡಾ ನೇರವಾಗಿ ಮೈಗೆ ತಗಲುತ್ತದೆ. ಹಾಲು ಸೇರಿಸುವವರು ಅದನ್ನು ಮೊದಲು ಹಿಮಗಟ್ಟಿಸಿಕೊಳ್ಳುತ್ತಾರೆ, ಇಲ್ಲವಾದರೆ ಸೋಡಾದ ಬಿಸಿಗೆ ಹಾಲು ಸೀದು ಕಂದಾಗುತ್ತದೆ; ಕತ್ತರಿಸಿದ ಮೇಲೆ ನಾಲ್ಕರಿಂದ ಆರು ವಾರ ಗಾಳಿಗೆ ಒಣಗಲು ಬಿಡುತ್ತಾರೆ. ನಮ್ಮ ಸಾಬೂನನ್ನು ಚಾಕುವಿನಿಂದ ಸೀಳಿದಾಗ ಒಳಗೆ ಸುಣ್ಣದಂತಹ ಬಿಳಿಯ ಗಂಟುಗಳಿದ್ದವು, ಅಲ್ಲಲ್ಲಿ ಜಾರುವ ನೀರಿನ ಹನಿಗಳಿದ್ದವು. ಮೇಲ್ಮೈಯ ತೆಳು ಬಿಳಿ ಪುಡಿ ಸಾಮಾನ್ಯವಾಗಿ ನಿರಪಾಯಕಾರಿ, ಒಳಗಿನ ಗಂಟು ಹಾಗಲ್ಲ.

ಕವಚದ ಮೇಲಿನ ಕಥೆಯ ಬಗ್ಗೆಯೂ ಹೇಳಬೇಕು. ಅರಮನೆಯ ಓಲೆಗರಿಯಲ್ಲಿ ಸಿಕ್ಕ, ರಾಣಿಯ ಮೈಬಣ್ಣ ಬೆಳಗಿಸಿದ ವಿಧಾನವಿದು ಎಂದು ಅಲ್ಲಿ ಬರೆದಿತ್ತು. 1623ರಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಬರೆದಿರುವುದೇ ಬೇರೆ: ಆಕೆ ಬರಿಗಾಲಿನಲ್ಲಿ, ಸರಳ ಉಡುಪಿನಲ್ಲಿ, ಕಾಲುವೆಯ ಅಗೆತವನ್ನು ನೋಡಲು ನಡೆದು ಬಂದಿದ್ದರು, ಮೈಬಣ್ಣ ಅಚ್ಚ ಕಪ್ಪಾಗಿತ್ತು. ಪೋರ್ಚುಗೀಸರನ್ನು ಎದುರಿಸಿದ ಮನೆತನದ ಹೆಸರನ್ನು ಬಿಳುಪಿನ ಆಸೆ ಮಾರಲು ಬಳಸುವುದು ನನಗೆ ಸರಿಯೆನಿಸಲಿಲ್ಲ. ಅಂದಿನ ಕಾಲಕ್ಕೆ ಕಡಲೆಹಿಟ್ಟು, ಸೀಗೆ, ಅಂಟುವಾಳಗಳಿದ್ದವು. ಕಾಸ್ಟಿಕ್ ಸೋಡಾ ಕಾರ್ಖಾನೆಯ ಸರಕು.

ಕಥೆಗೆ ಮುಂಬದಿಯಿಡೀ ಮೀಸಲಾಗಿದ್ದ ಆ ಕವಚದ ಹಿಂಬದಿಯಲ್ಲಿ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಘಟಕಾಂಶಗಳ ಪಟ್ಟಿ ಯಾವುದೂ ಇರಲಿಲ್ಲ. ಮೈಗೆ ಹಚ್ಚುವ ಸಾಬೂನು ನಮ್ಮ ಕಾನೂನಿನಲ್ಲಿ ಸೌಂದರ್ಯವರ್ಧಕವಾಗಿದ್ದು, 2020ರ ನಿಯಮಗಳ ಪ್ರಕಾರ ಇವೆಲ್ಲ ಮನೆಯಲ್ಲಿ ತಯಾರಿಸಿ ಮಾರುವವರಿಗೂ ಅನ್ವಯಿಸುತ್ತವೆ. ತಯಾರಿಸಿದ ದಿನಾಂಕವೂ ಇಲ್ಲದಿದ್ದರೆ ಅದು ಒಣಗಿದೆಯೇ ಎಂದು ತಿಳಿಯುವ ದಾರಿಯೇ ಇಲ್ಲ.

ಬಳಸಿದ ಮೇಲೆ ಉರಿ ಬಂದರೆ ನಿಂಬೆಹಣ್ಣು, ವಿನೆಗರ್ ಹಚ್ಚದೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ. ಉಳಿದ ತುಂಡು, ಕವಚ ಮತ್ತು ಹಣ ಪಾವತಿಸಿದ ದಾಖಲೆಯನ್ನು ಎಸೆಯದೆ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನಾವೂ ಅಲ್ಲಿಯೇ ದೂರು ದಾಖಲಿಸಿದ್ದೇವೆ.